ಒಂದು ತಂಬಿಗೆಯನ್ನು ಹೊಳೆ ದಾಟಿಸಿದ್ದು

ಕಳೆದ ವಾರ ನಮ್ಮ ಅಡಿಗೆಮನೆಯ ಗೋಡೆಗೆ ತೂಗಹಾಕಿದ ನೀರಿನ ಫಿಲ್ಟರಿಗೆ ಹೊಸ ಕ್ಯಾಂಡಲ್ ಹಾಕುವುದಕ್ಕೆ ಎಂದಿನ ಮೆಕ್ಯಾನಿಕ್ ಬಂದಿದ್ದರು. ಮುಂದಲೆ ನರೆತ, ಮಾತು ಕಡಿಮೆಯ ಮನುಷ್ಯ. ಹಳೆಯ ಕ್ಯಾಂಡಲನ್ನು ತಿರುಗಿಸಿ ಹೊರತೆಗೆದಾಗ ಅದು ಒಂದು ಕಾಲದಲ್ಲಿ ಹಾಲಿನ ಬಣ್ಣದ್ದಾಗಿತ್ತೆಂದು ನಂಬುವುದು ಕಷ್ಟವಾಯಿತು. ಆರು ತಿಂಗಳ ಬಾವಿನೀರಿನ ಕೆಮ್ಮಣ್ಣೂ ಪಾಚಿಯೂ ಮೈಗೆ ಹತ್ತಿ, ನೋಡುವುದಕ್ಕೆ ಹೊಳೆದಡದಲ್ಲಿ ದೋಣಿ ಕಟ್ಟುವ ಹಳೆಯ ಗೂಟದಂತಿತ್ತು. ಅದನ್ನು ಪತ್ರಿಕೆಯ ಹಾಳೆಯಲ್ಲಿ ಸುತ್ತುತ್ತ ಅವರು, “ಇದನ್ನು ಎಲ್ಲಿ ಬಿಸಾಡುವುದು ಅಜ್ಜ?” ಎಂದು ಕೇಳಿದರು.

ಕೇಳಿದ್ದು ಸಾಮಾನ್ಯವಾದ ಮಾತು. ಬೇರೆ ಯಾರಾದರೂ ಆಗಿದ್ದರೆ ಬಾಗಿಲ ಹೊರಗಿನ ತೊಟ್ಟಿಯನ್ನು ತೋರಿಸಿ ಸುಮ್ಮನಾಗುತ್ತಿದ್ದರು. ನನ್ನ ಕೈಯಲ್ಲಿದ್ದ ಜಪಮಣಿ ಮಾತ್ರ ಅಲ್ಲಿಯೇ ನಿಂತಿತು.

ನಾವು ಜೈನರು. ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸದೆ ಬಾಯಿಗೆ ಹಾಕುವ ಪದ್ಧತಿ ನಮ್ಮ ಮನೆಗಳಲ್ಲಿ ಇಲ್ಲ. ಹೊರಗಿನವರು ಇದನ್ನು ಕಸ ತೆಗೆಯುವ ಉಪಾಯವೆಂದು ತಿಳಿಯುತ್ತಾರೆ. ಅದು ಅರ್ಧ ಮಾತು. ನೀರಿನಲ್ಲಿ ಕಣ್ಣಿಗೆ ಕಾಣದ ಜೀವಗಳುಂಟು, ಅವು ನಮ್ಮ ಗಂಟಲಿಗೆ ಸಿಕ್ಕಿ ಸಾಯಬಾರದು ಎಂಬುದು ನಮ್ಮ ಹಿರಿಯರ ಕಾಳಜಿ. ಆದುದರಿಂದ ಸೋಸಿದಲ್ಲಿಗೆ ಕೆಲಸ ಮುಗಿಯುವುದಿಲ್ಲ. ಬಟ್ಟೆಯನ್ನು ಮಗುಚಿ, ಸೋಸಿದ ನೀರನ್ನೇ ಅದರ ಮೇಲೆ ಹೊಯ್ದು, ಅದರಲ್ಲಿ ಉಳಿದವರನ್ನು ಎಲ್ಲಿಂದ ತಂದೆವೋ ಅಲ್ಲಿಗೇ ಮುಟ್ಟಿಸಬೇಕು. ಬಾವಿಯವರನ್ನು ಬಾವಿಗೆ, ಕೆರೆಯವರನ್ನು ಕೆರೆಗೆ. ಅದನ್ನೂ ದಂಡೆಯ ಮೇಲಿನಿಂದ ಸುರಿಯಬಾರದು. ಅಷ್ಟು ಎತ್ತರದಿಂದ ಬಿದ್ದ ಸೂಕ್ಷ್ಮಜೀವಿ ಉಳಿದೀತೆ? ಪಾತ್ರೆಯನ್ನು ನೀರಿನ ಮಟ್ಟದವರೆಗೆ ಇಳಿಸಿ ಮೆಲ್ಲಗೆ ಬಗ್ಗಿಸಬೇಕು. ಇಷ್ಟೆಲ್ಲ ಆಗಬೇಕಾದುದು ಸೋಸಿದ ಎರಡು ಘಳಿಗೆಯ ಒಳಗೆ, ಅಂದರೆ ಇಂದಿನ ಲೆಕ್ಕದಲ್ಲಿ ಮುಕ್ಕಾಲು ಗಂಟೆಗೆ ಸ್ವಲ್ಪ ಹೆಚ್ಚು.

‘ಎಲ್ಲಿ ಬಿಸಾಡುವುದು’ ಎಂಬ ಆ ಒಂದು ಮಾತು ನನ್ನನ್ನು ಅರುವತ್ತು ವರ್ಷಗಳಿಗೂ ಹಿಂದಿನ ಒಂದು ಸಂಜೆಗೆ, ನೇತ್ರಾವತಿಯ ನಡುನೀರಿಗೆ ಕೊಂಡೊಯ್ದಿತು.

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಒಂದೆರಡು ವರ್ಷವಾಗಿದ್ದ ಕಾಲ ಅದು. ನಾನು ಮೂಡಬಿದಿರೆಯಲ್ಲಿ ವ್ಯಾಕರಣ, ಕಾವ್ಯ, ಪುರಾಣಗಳನ್ನು ಓದಿ ಮುಗಿಸಿ, ಓದಿದ ಪಾಠಶಾಲೆಯಲ್ಲಿಯೇ ಕಿರಿಯರಿಗೆ ಪಾಠ ಹೇಳತೊಡಗಿದ್ದೆ. ಇಪ್ಪತ್ತೆರಡರ ವಯಸ್ಸು. ಓದು ಹೊಸತಾಗಿದ್ದುದರಿಂದ ಅದರ ಭಾರ ತಲೆಯಲ್ಲಿ ಹೆಚ್ಚಾಗಿಯೇ ಇತ್ತು. ಆ ವರ್ಷದ ಕಾರ್ತಿಕದಲ್ಲಿ ಎಂಟು ದಿನದ ಅಷ್ಟಾಹ್ನಿಕ ಪರ್ವದ ಮೊದಲ ಏಳು ಸಂಜೆಗಳಲ್ಲಿ ಬಸದಿಯ ಜಗಲಿಯಲ್ಲಿ ಕುಳಿತು ಪುರಾಣ ಹೇಳುವ ಭಾಗ್ಯ ನನಗೆ ಒದಗಿತು. ಕತೆಯಲ್ಲಿ ಒಬ್ಬ ವರ್ತಕನ ಮಗ ಹಡಗೇರಿ ರತ್ನದ್ವೀಪಕ್ಕೆ ಹೋಗುತ್ತಾನೆ. ಪುರಾಣದಲ್ಲಿ ಅವನು ಎರಡು ಪದ್ಯಗಳಲ್ಲಿ ದಡ ಸೇರಿದ್ದರೂ ನಾನು ಅವನನ್ನು ಮೂರು ಸಂಜೆ ಹಡಗಿನಿಂದ ಇಳಿಯಗೊಡಲಿಲ್ಲ. ದೋಣಿಗೆ ಕೋಶದಲ್ಲಿ ಎಷ್ಟು ಹೆಸರುಗಳಿದ್ದುವೋ ಅಷ್ಟನ್ನೂ ಹೇಳಿದೆ. ಹಾಯಿಯನ್ನು ಏರಿಸಿದೆ, ಚುಕ್ಕಾಣಿಯನ್ನು ತಿರುಗಿಸಿದೆ, ಸಂಸಾರವೇ ಸಮುದ್ರ, ಧರ್ಮವೇ ನಾವೆ ಎಂದು ಕೈಯಾಡಿಸಿ ವಿವರಿಸಿದೆ. ಮೂರನೆಯ ಸಂಜೆ ಹಿಂದಿನ ಸಾಲಿನ ಮುದುಕರೊಬ್ಬರು ಬಹಳ ವಿನಯದಿಂದ, ಪಂಡಿತರು ಹಡಗಿನಲ್ಲಿ ಎಲ್ಲಿಗೆಲ್ಲ ಹೋಗಿದ್ದೀರಿ ಎಂದು ವಿಚಾರಿಸಿದರು.

ಹಡಗಿರಲಿ, ನಾನು ಆ ತನಕ ಸಣ್ಣ ದೋಣಿಯನ್ನೂ ಹತ್ತಿದವನಲ್ಲ. ಮೂಡಬಿದಿರೆ ಕೆರೆಗಳ ಊರು. ಇಲ್ಲಿ ಮುಳುಗಿ ಏಳುವುದಕ್ಕೆ ನೀರುಂಟು, ದಾಟುವುದಕ್ಕೆ ಇಲ್ಲ.

ಅಂದು ಆ ಪ್ರಶ್ನೆಗೆ ಸೆರಗಿನ ಮರೆಯಲ್ಲಿ ನಕ್ಕವರೆಂದರೆ ನನ್ನ ದೊಡ್ಡಮ್ಮ. ನನ್ನ ತಾಯಿಯ ಅಕ್ಕ, ಚಂದ್ರಮತಿಯಮ್ಮ. ಅವರ ಮನೆ ಬಂಟ್ವಾಳದಿಂದ ಎರಡು ಮೂರು ಮೈಲು ಮೇಲಕ್ಕೆ, ನೇತ್ರಾವತಿಯ ಆಚೆ ದಡದಲ್ಲಿ. ಪರ್ವಕ್ಕೆಂದು ನಮ್ಮಲ್ಲಿಗೆ ಬಂದಿದ್ದರು. ಅರುವತ್ತೆಂಟರ ವಯಸ್ಸು, ಒಣಗಿದ ತುಳಸಿಕಡ್ಡಿಯಂಥ ದೇಹ. ಚತುರ್ದಶಿ ಹುಣ್ಣಿಮೆ ಎರಡು ದಿನವೂ ನಿರಾಹಾರ. ಹಗಲಿನಲ್ಲಿ ಸೋಸಿದ ನೀರು ಮಾತ್ರ. ಪಾರಣೆ, ಅಂದರೆ ಉಪವಾಸ ಬಿಡುವ ಊಟ, ಮೂರನೆಯ ಬೆಳಗ್ಗೆ ತನ್ನ ಊರಿನ ಬಸದಿಯ ಅಭಿಷೇಕದ ಗಂಧೋದಕವನ್ನು ತಲೆಗೆ ಹಚ್ಚಿಕೊಂಡ ಮೇಲೆಯೇ ಆಗಬೇಕು ಎಂಬುದು ಅವರ ನಿಯಮ. ಎರಡು ದಿನಕ್ಕಿಂತ ಮುಂದೆ ಹೋಗಕೂಡದು ಎಂದು ವೈದ್ಯರು ನನ್ನ ತಾಯಿಗೆ ಎಚ್ಚರಿಕೆ ಹೇಳಿದ್ದರು. ಆದುದರಿಂದ ಹುಣ್ಣಿಮೆಯ ಮಧ್ಯಾಹ್ನ ಅವರನ್ನು ಮನೆಗೆ ಮುಟ್ಟಿಸುವ ಹೊಣೆ ನನ್ನ ಮೇಲೆ ಬಿತ್ತು.

ಬಸ್ಸು ಸಿದ್ಧಕಟ್ಟೆಯಲ್ಲಿ ನಿಂತಿತು. ಆ ಕಾಲದ ಬಸ್ಸುಗಳಿಗೆ ಮನುಷ್ಯರಿಗಿಂತ ಹೆಚ್ಚು ಬಾಯಾರಿಕೆ. ಕಂಡಕ್ಟರು ತೋಡಿನಿಂದ ಡಬ್ಬಿಯಲ್ಲಿ ನೀರು ತಂದು ಇಂಜಿನಿಗೆ ಹೊಯ್ಯತೊಡಗಿದ. ಕಿಟಕಿಯಿಂದ ನೋಡುತ್ತಿದ್ದ ದೊಡ್ಡಮ್ಮ ತಡೆಯಲಾರದೆ, ಆ ಬಿಸಿಯಲ್ಲಿ ಅವು ಬೆಂದು ಹೋದಾವು, ಬೇಕಾದರೆ ನನ್ನ ಬಟ್ಟೆ ಕೊಡುತ್ತೇನೆ ಎಂದರು. ಅವನು ಡಬ್ಬಿ ಕೆಳಗಿಟ್ಟು ಕೈಮುಗಿದು, “ಅಮ್ಮಾ, ಈ ಬಸ್ಸು ನಿಮ್ಮ ಹಾಗೆ ವ್ರತದ್ದಲ್ಲ” ಎಂದ. ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ದೊಡ್ಡಮ್ಮನೂ ನಕ್ಕರು. ಆದರೆ ಬಂಟ್ವಾಳದವರೆಗೂ ಅವರ ತುಟಿ ಜಪದಲ್ಲಿ ಸಣ್ಣಗೆ ಅಲುಗುತ್ತಲೇ ಇತ್ತು.

ಬಂಟ್ವಾಳದಿಂದ ಹೊಳೆಯ ಬದಿಯಲ್ಲಿ ನಡೆದು ಕಡವಿಗೆ, ಎಂದರೆ ದೋಣಿ ಹತ್ತುವ ಜಾಗಕ್ಕೆ, ಬರುವಾಗ ಬಿಸಿಲು ಹಳದಿಗೆ ತಿರುಗಿತ್ತು. ಬಸ್ಸಿನಿಂದ ಇಳಿಯುವಾಗಲೇ ದೊಡ್ಡಮ್ಮ ಒಮ್ಮೆ ತೂರಾಡಿದ್ದರು; ದಾರಿಯಲ್ಲಿ ಎರಡು ಸಲ ಕೂರಿಸಿದ್ದೆ. ದಡದಲ್ಲಿ ಒಂದು ದೊಡ್ಡ ಹೊನ್ನೆಮರ, ಅದರ ಬುಡದಲ್ಲಿ ದಾರಿಹೋಕರ ಬಾವಿ. ದೋಣಿ ಆಚೆ ದಡದಲ್ಲಿತ್ತು. ದೊಡ್ಡಮ್ಮ ಎರಡೂ ಅಂಗೈಗಳನ್ನು ಬಾಯಿಗೆ ಹಿಡಿದು ‘ಕೂ’ ಎಂದು ಉದ್ದಕ್ಕೆ ಕರೆದರು. ಆ ಒಣಗಿದ ದೇಹದಿಂದ ಅಂಥ ಸ್ವರ ಹೊರಟೀತೆಂದು ನನಗೆ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನೀರಿನ ಮೇಲಿಂದ ಇನ್ನೊಂದು ‘ಕೂ’ ತೇಲಿ ಬಂತು. ಹೊಳೆಯ ಎರಡು ದಡಗಳ ನಡುವೆ ಆಗ ಇದ್ದ ಟೆಲಿಫೋನು ಅದೇ.

ದೋಣಿ ಬರುವ ತನಕ ದೊಡ್ಡಮ್ಮನಿಗೆ ನೀರು ಕೊಟ್ಟೆ. ಅವರ ಪ್ರಯಾಣದ ಚೀಲದಲ್ಲಿ ಒಂದು ತಾಮ್ರದ ತಂಬಿಗೆ, ಒಂದು ಚೊಂಬು, ದಾರ, ಬಟ್ಟೆ ಸದಾ ಇರುತ್ತಿದ್ದವು. ತಂಬಿಗೆಯ ಬುಡಕ್ಕೆ ಒಂದು ಸಣ್ಣ ಬಳೆಯನ್ನು ಬೆಸೆಸಿದ್ದರು. ಬಾವಿಗೆ ಇಳಿಸಿದ ಮೇಲೆ ಆ ಬಳೆಯ ದಾರವನ್ನು ಎಳೆದರೆ ತಂಬಿಗೆ ತಾನಾಗಿ ಬಗ್ಗುತ್ತದೆ. ತಂಬಿಗೆಯಲ್ಲಿ ನೀರು ಸೇದಿ, ಚೊಂಬಿಗೆ ಸೋಸಿ ಕೊಟ್ಟೆ. ಅವರು ಕಣ್ಣು ಮುಚ್ಚಿ ಅರ್ಧ ಚೊಂಬು ಕುಡಿದರು. ಒಡನೆಯೇ ಜಪಸರ ಹಿಡಿದರು. ಅವರಿಗೆ ಗಡಿಯಾರವೂ ಅದೇ. ಮೂರು ಸರ ಮುಗಿದರೆ ಎರಡು ಘಳಿಗೆ. ಆ ಲೆಕ್ಕದಲ್ಲಿ ಅವರು ಜೀವಮಾನದಲ್ಲಿ ತಪ್ಪಿದವರಲ್ಲ.

ಆಗ ದೋಣಿ ಬಂದು ದಡಕ್ಕೆ ತಾಗಿತು. ಇದು ಕಡೆಯ ಸಲ, ಹೊತ್ತು ಮುಳುಗಿದ ಮೇಲೆ ಬಿಡುವುದಿಲ್ಲ, ಬೇಗ ಹತ್ತಿ ಎಂದು ದೋಣಿಯವರು ಅವಸರಿಸಿದರು. ಕೋಶದ ನಾವೆಗೂ ಕಣ್ಣ ಮುಂದಿನ ಈ ಕರಿಯ, ಉದ್ದದ, ಮೀನೆಣ್ಣೆಯ ವಾಸನೆಯ, ನೀರು ಮುಟ್ಟಿದರೂ ಅಲುಗುವ ವಸ್ತುವಿಗೂ ಏನೂ ಸಂಬಂಧ ಕಾಣಲಿಲ್ಲ. ದೋಣಿ ಹತ್ತುವ ಭಯದಲ್ಲಿ ಮಾಡಬಾರದ್ದನ್ನು ಮಾಡಿದೆ. ತೊಳೆದು ಬಾವಿಗೆ ಬಿಡಬೇಕಾಗಿದ್ದ ಒದ್ದೆ ಬಟ್ಟೆಯನ್ನು ಹಾಗೆಯೇ ಮಡಚಿ ಚೀಲಕ್ಕೆ ತುರುಕಿದೆ.

ದೋಣಿಯವರ ಹೆಸರು ಮೊಯ್ದೀನ್ ಬ್ಯಾರಿ. ಬಿಳಿಯ ಗಡ್ಡ, ಮೊಣಕಾಲ ಮೇಲಕ್ಕೆ ಕಟ್ಟಿದ ಲುಂಗಿ, ಹಿಂಬದಿಯಲ್ಲಿ ಒಂದು ಮರದ ಹಾಗೆ ನೆಟ್ಟಗೆ ನಿಲುವು. ಬಸದಿಯ ಪೂಜೆಯವರನ್ನು ನಮ್ಮ ಕಡೆ ಇಂದ್ರರೆಂದು ಕರೆಯುವುದು ರೂಢಿ. ನನ್ನ ತಂದೆ ಇಂದ್ರರಾದುದರಿಂದ ಅವರ ಬಾಯಲ್ಲಿ ನಾನೂ ಇಂದ್ರನಾದೆ. ಕುಳಿತಲ್ಲಿ ಎರಡೂ ಅಂಚನ್ನು ಬಿಗಿಹಿಡಿದ ನನ್ನನ್ನು ನೋಡಿ, “ಇಂದ್ರರೇ, ದೋಣಿಯನ್ನು ಅಷ್ಟು ಗಟ್ಟಿ ಹಿಡಿಯುವುದು ಬೇಡ, ಅದು ಓಡಿ ಹೋಗುವುದಿಲ್ಲ” ಎಂದರು.

ಮತ್ತೆ ಅವರು ಮಾತಾಡಲಿಲ್ಲ. ಉದ್ದದ ಬಿದಿರ ಗಳವನ್ನು ನೀರಿಗೆ ಇಳಿಸುವರು, ಅದು ತಳ ಮುಟ್ಟಿದಾಗ ಮೈಯನ್ನು ಅದಕ್ಕೆ ಒಪ್ಪಿಸುವರು, ದೋಣಿ ಅವರ ಕಾಲಡಿಯಿಂದ ಮುಂದಕ್ಕೆ ಜಾರುವುದು. ಗಳವನ್ನು ಮೇಲೆತ್ತುವರು, ಅದರ ತುದಿಯಿಂದ ಹನಿಗಳು ಸಾಲಾಗಿ ಬೀಳುವುವು. ನನ್ನ ಬಲಕ್ಕೆ, ಹೊಳೆ ಹರಿದು ಹೋಗುವ ಕಡೆ, ಸೂರ್ಯ ತೆಂಗಿನ ತಲೆಗಳ ಮೇಲೆ ಕೆಂಪಾಗಿ ನಿಂತಿದ್ದ. ಎಡಕ್ಕೆ, ಹೊಳೆ ಬರುವ ಘಟ್ಟದ ಕಡೆಯಲ್ಲಿ, ಇನ್ನೂ ಬಣ್ಣ ಬಾರದ ಹುಣ್ಣಿಮೆಯ ಚಂದ್ರ ಮೇಲೆ ಬರುತ್ತಿದ್ದ. ನಡುವೆ ನಮ್ಮ ದೋಣಿ. ಯಾವ ಸದ್ದೂ ಇಲ್ಲ, ಆ ಹನಿಗಳದ್ದು ಬಿಟ್ಟರೆ. ನಾವು ಹೋಗುತ್ತಿದ್ದೇವೆ ಎನ್ನಿಸುತ್ತಿರಲಿಲ್ಲ; ಬಿಟ್ಟ ದಡ ತಾನಾಗಿ ಹಿಂದಕ್ಕೆ ಸರಿಯುತ್ತಿತ್ತು, ಸೇರುವ ದಡ ತಾನಾಗಿ ಹತ್ತಿರ ಬರುತ್ತಿತ್ತು. ನಾನು ಯಾವಾಗ ಅಂಚುಗಳಿಂದ ಕೈ ತೆಗೆದೆನೋ ತಿಳಿಯದು. ಮೂರು ಸಂಜೆ ಹೇಳಿದ ಹಡಗಿನ ವರ್ಣನೆಯಲ್ಲಿ ಈ ಮೌನವೊಂದನ್ನು ಸೇರಿಸಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಆಚೆ ದಡದಲ್ಲಿ ಇಳಿದು ಮರಳಿನ ಮೇಲೆ ಹತ್ತು ಹೆಜ್ಜೆ ನಡೆದಿರಬೇಕು. ದೊಡ್ಡಮ್ಮ ನಿಂತರು.

“ಮಗಾ, ಬಟ್ಟೆ ತೊಳೆದು ಬಾವಿಗೆ ಬಿಟ್ಟೆಯಲ್ಲ?”

ಚೀಲದ ಒಂದು ಬದಿ ಒದ್ದೆಯಾಗಿದ್ದುದನ್ನು ಅವರೇ ನೋಡಿದರು. ಇಲ್ಲಿಯೇ ಹೊಳೆಯಲ್ಲಿ ಅದ್ದಿಬಿಡುವ, ಇದೂ ನೀರೇ ಅಲ್ಲವೇ ಎಂದು ನಾನು ಮೆಲ್ಲಗೆ ಸೂಚಿಸಿದೆ. ಅವರಿಗೆ ಸಿಟ್ಟು ಬರಲಿಲ್ಲ. “ನಿನ್ನನ್ನು ಕೊಂಡುಹೋಗಿ ಚಾರ್ಮಾಡಿಯ ಕಾಡಿನಲ್ಲಿ ಬಿಟ್ಟು, ಇದೂ ನೆಲವೇ ಎಂದರೆ ನಿನಗೆ ಆದೀತಾ?” ಎಂದು ಕೇಳಿ, ಬಟ್ಟೆಯನ್ನು ತೆಗೆದು ತಂಬಿಗೆಯಲ್ಲಿಟ್ಟು, ಕೈಯಲ್ಲಿ ಹಿಡಿದು ತಂದಿದ್ದ ಚೊಂಬಿನಲ್ಲಿ ಉಳಿದಿದ್ದ ಸೋಸಿದ ನೀರನ್ನು ಅದರ ಮೇಲೆ ಹೊಯ್ದರು. ಎರಡು ಸರ ಮುಗಿದಿದೆ, ಮೂರನೆಯದನ್ನು ಈಗ ಹಿಡಿದೆ ಎಂದರು. ಅದು ಮುಗಿಯುವುದರೊಳಗೆ ಬಾವಿ ಸೇರದಿದ್ದರೆ ಏನೆಂದು ನಾನು ಕೇಳಿದೆ.

“ನೀರು ಕುಡಿದದ್ದು ನಾನಲ್ಲವಾ? ನಾಳೆ ಪಾರಣೆ ಇಲ್ಲ, ಅಷ್ಟೆ.”

ಅಷ್ಟೆ ಎಂದರೆ ಎಷ್ಟೆಂದು ನನಗೆ ಗೊತ್ತಿತ್ತು. ಬಸ್ಸಿನ ಮೆಟ್ಟಿಲಲ್ಲಿ ತೂರಾಡಿದ ಆ ದೇಹ ಮೂರನೆಯ ದಿನವನ್ನು ಹೇಗೆ ತಾಳೀತು? ವೈದ್ಯರ ಮಾತು, ನನ್ನ ತಾಯಿಯ ಮುಖ ಎರಡೂ ಒಮ್ಮೆಗೇ ನೆನಪಾದವು. ಎಲ್ಲವೂ ನಾನು ಒಂದು ಬಟ್ಟೆಯನ್ನು ಮಡಚಿದ್ದರಿಂದ.

ಮೊಯ್ದೀನ್ ಬ್ಯಾರಿಯವರು ಅಷ್ಟರಲ್ಲಿ ದೋಣಿ ಕಟ್ಟಿ, ನೀರಿನ ಬದಿಯಲ್ಲಿ ಕುಳಿತು ಕೈಕಾಲು ತೊಳೆಯತೊಡಗಿದ್ದರು. ಸೂರ್ಯ ತೆಂಗಿನ ಹಿಂದೆ ಇಳಿದಿದ್ದ. ಸಂಗತಿಯನ್ನು ಕೇಳಿ, “ಹತ್ತು ನಿಮಿಷ ನಿಲ್ಲಿ ಇಂದ್ರರೇ. ನಮಾಜು ಮುಗಿಸಿ ನಾನೇ ದಾಟಿಸ್ತೇನೆ” ಎಂದರು. ಅವರಿಗೂ ಅವರ ಹೊತ್ತು ಹೊತ್ತೇ. ಆದರೆ ದೊಡ್ಡಮ್ಮನ ಬೆರಳಿನಲ್ಲಿ ಮಣಿಗಳು ಉರುಳುತ್ತಿದ್ದವು. ನನಗೆ ಒಂದೊಂದು ಮಣಿಯೂ ಗುಂಡುಕಲ್ಲಾಗಿ ಕಾಣುತ್ತಿತ್ತು. ನಾನೇ ಹೋಗುತ್ತೇನೆ ಎಂದೆ.

“ಬೇಡ ಮಗಾ, ಬ್ಯಾರಿಗಳು ಬರಲಿ” ಎಂದರು ದೊಡ್ಡಮ್ಮ. ಬ್ಯಾರಿಯವರು ನನ್ನ ಅಂಗೈಗಳನ್ನು ನೋಡಿದರು. ಓಲೆಗರಿಗಿಂತ ಭಾರವಾದುದನ್ನು ಎತ್ತದ ಕೈಗಳು. ಆದರೂ ಹಗ್ಗ ಬಿಚ್ಚಿದರು.

“ಕೇಳಿ. ನೀವು ಗಳವನ್ನು ನೂಕುವುದಲ್ಲ. ಗಳ ನಿಲ್ಲಲಿ, ನೀವು ದೋಣಿಯನ್ನು ನೂಕಿ. ಕಣ್ಣು ದೋಣಿಯ ಮೇಲೆ ಬೇಡ, ಆ ಹೊನ್ನೆಮರದ ಮೇಲೆ ಇರಲಿ. ಗಳ ಕೆಸರಲ್ಲಿ ಹೂತುಹೋಯಿತಾ, ಗಳವನ್ನು ಬಿಡಿ, ದೋಣಿಯನ್ನು ಬಿಡಬೇಡಿ.”

ಆಳವೆಷ್ಟು ಎಂದು ಕೇಳಿದೆ.

“ನಡುವಲ್ಲಿ ಮರಳ ದಿಬ್ಬ ಉಂಟು, ಸೊಂಟದವರೆಗೆ ಬಂದೀತು. ಅದರ ಆಚೆ ಸ್ವಲ್ಪ ಆಳ. ಹೆದರಬೇಡಿ ಮಾರಾಯರೇ, ಇಂದ್ರರು ಮುಳುಗಿದರೆ ನಮಗೆ ಮಳೆ ಕೊಡುವವರು ಯಾರು?”

ಬಾವಿಗೆ ಬಿಟ್ಟಾದೊಡನೆ ಒಂದು ಕೂ ಹಾಕು, ಮಣಿ ಎಲ್ಲಿಗೆ ಬಂದಿದೆಯೆಂದು ನೋಡಿಕೊಳ್ಳುತ್ತೇನೆ ಎಂದು ದೊಡ್ಡಮ್ಮ ಹೇಳಿ ಒಂದು ಬಂಡೆಯ ಮೇಲೆ ಕುಳಿತರು. ತಂಬಿಗೆಯನ್ನು ದೋಣಿಯ ಮೂತಿಯ ಬಳಿ ಹಲಗೆಗಳ ಸಂದಿನಲ್ಲಿ ಭದ್ರವಾಗಿಟ್ಟು ನಾನು ಗಳ ಹಿಡಿದೆ.

ಮೊದಲ ನೂಕಿಗೆ ದೋಣಿ ಬಂಟ್ವಾಳಕ್ಕೆ ಮುಖ ಮಾಡಿತು. ಎರಡನೆಯದಕ್ಕೆ ಘಟ್ಟಕ್ಕೆ. ಮೂರನೆಯದಕ್ಕೆ ಬಿಟ್ಟ ದಡಕ್ಕೇ ತಿರುಗಿ ದೊಡ್ಡಮ್ಮನನ್ನು ನೋಡಿತು. ಹೀಗೆ ಎಲ್ಲ ದಿಕ್ಕುಗಳಿಗೂ ನಮಸ್ಕಾರ ಸಲ್ಲಿಸಿದ ಮೇಲೆ, ಬ್ಯಾರಿಯವರ ಮಾತು ಮೆಲ್ಲಮೆಲ್ಲನೆ ಮೈಗೆ ಇಳಿಯಿತು. ಗಳವನ್ನು ನಿಲ್ಲಿಸಿದೆ. ಹೊನ್ನೆಮರವನ್ನು ನೋಡಿದೆ. ಮೈಯನ್ನು ಒರಗಿಸಿದೆ. ದೋಣಿ ಜಾರಿತು.

ಓದುಗರೇ, ಆ ಜಾರುವಿಕೆಯನ್ನು ನಾನು ಹೇಗೆ ಹೇಳಲಿ? ನನ್ನ ಕಾಲಡಿಯಲ್ಲಿ ಒಂದು ದೊಡ್ಡ ಪ್ರಾಣಿ ನಿದ್ದೆಯಿಂದೆದ್ದು ಮೈಮುರಿದಂತೆ ಇತ್ತು. ಇನ್ನೊಮ್ಮೆ ಗಳ, ಇನ್ನೊಮ್ಮೆ ಜಾರು. ಸೂರ್ಯ ಹೋಗಿ ಅವನ ಕೆಂಪು ಮಾತ್ರ ಎಡಗಡೆಯ ನೀರಿನಲ್ಲಿತ್ತು. ಬಲಗಡೆ ಚಂದ್ರನಿಗೆ ಬಣ್ಣ ಬಂದು, ಅವನ ಬೆಳಕು ಹೊಳೆಯ ಮೇಲೆ ದಾರಿಯಂತೆ ನನ್ನ ಬಳಿಗೇ ಬರುತ್ತಿತ್ತು. ಒಂದು ಅಂಚಿಗೆ ಹಗಲು, ಇನ್ನೊಂದು ಅಂಚಿಗೆ ಇರುಳು ತಾಗುತ್ತಿದ್ದಂತೆ, ನಡುವಿನ ಹೊತ್ತನ್ನು ನಾನೇ ನೂಕಿಕೊಂಡು ಹೋಗುತ್ತಿದ್ದಂತೆ ಕಂಡಿತು. ಮುಂದೆ ಮೂತಿಯ ಬಳಿ ತಂಬಿಗೆ. ಅದರೊಳಗೆ ಎಷ್ಟು ಮಂದಿಯೋ, ಅವರಿಗೆ ಹೊಳೆಯೂ ಗೊತ್ತಿಲ್ಲ, ನಾನೂ ಗೊತ್ತಿಲ್ಲ. ಅಷ್ಟು ಮಂದಿಯ ಅಂಬಿಗ ನಾನು ಎಂಬ ಭಾವದಲ್ಲಿ ಕಣ್ಣು ತೇವವಾಯಿತು. ಭಕ್ತಿಯೋ ಅಹಂಕಾರವೋ, ಆಗ ವಿಚಾರಿಸುವ ಹೊತ್ತಲ್ಲ. ಆ ಸುಖದಲ್ಲಿ ಗಳವನ್ನು ಬೇಕಾದುದಕ್ಕಿಂತ ಆಳಕ್ಕೆ ಊರಿಬಿಟ್ಟೆ.

ಅದು ಹೂತುಹೋಯಿತು. ಎಳೆದೆ, ಬರಲಿಲ್ಲ. ಬಿಡಬೇಕಾದುದನ್ನು ಬಿಡದೆ ಬಿಡಬಾರದುದನ್ನು ಬಿಟ್ಟೆ. ದೋಣಿ ತನ್ನ ಪಾಡಿಗೆ ಕಾಲಡಿಯಿಂದ ಜಾರಿ ಮುಂದಕ್ಕೆ ಹೋಯಿತು. ನಾನು ಗಳವನ್ನು ಅಪ್ಪಿಕೊಂಡು ಹೊಳೆಯ ನಡುವೆ ಬಾಳೆಗೊನೆಯಂತೆ ತೂಗಾಡಿದೆ. ಆಮೇಲೆ ಗಳವೂ ಓರೆಯಾಯಿತು. ನಾನು ಬಿದ್ದೆ.

ನೀರು ತಲೆಯ ಮೇಲೆ ಮುಚ್ಚಿತು. ಸಾಯುತ್ತಿದ್ದೇನೆಂದು ದೃಢವಾಗಿ ನಂಬಿ, ಬಾಯೊಳಗೆ ಬಂದ ಪಂಚನಮಸ್ಕಾರವನ್ನು ಅರ್ಧ ಹೇಳಿ ಎದ್ದು ನಿಂತರೆ, ನೀರು ಸೊಂಟದವರೆಗೆ. ಮರಳ ದಿಬ್ಬ ಬ್ಯಾರಿಯವರು ಹೇಳಿದಲ್ಲಿಯೇ ಇತ್ತು. ಸ್ವಲ್ಪ ದೂರದಲ್ಲಿ ದೋಣಿ ತಂಬಿಗೆಯೊಡನೆ ಸುಖವಾಗಿ ತೇಲುತ್ತಿತ್ತು. ಪ್ರಯಾಣಿಕರೆಲ್ಲ ಕ್ಷೇಮ, ಅಂಬಿಗನೊಬ್ಬನೇ ನೀರಿನಲ್ಲಿ. ನಡೆದು ಹೋಗಿ ದೋಣಿಯ ಹಗ್ಗ ಹಿಡಿದು, ಹಿಂದೆ ಬಂದು ಗಳವನ್ನು ಕಿತ್ತು, ಹತ್ತಲಾರದೆ ಎರಡು ಸಲ ಜಾರಿ ಮೂರನೆಯ ಸಲಕ್ಕೆ ಹೊಟ್ಟೆಯ ಮೇಲೆ ಹತ್ತಿದೆ. ಇದನ್ನೆಲ್ಲ ಮಾಡುವಾಗ ತಂಬಿಗೆಗೆ ಹೊಳೆಯ ನೀರು ಒಂದು ಹನಿಯೂ ಹಾರದಂತೆ ನೋಡಿಕೊಂಡೆ. ಉಳಿದ ಆಳವನ್ನು ಹೇಗೆ ದಾಟಿದೆನೋ ನೆನಪಿಲ್ಲ. ಹೊನ್ನೆಮರ ಒಮ್ಮೆಲೇ ತಲೆಯ ಮೇಲೆ ಇತ್ತು, ಅಷ್ಟು ಮಾತ್ರ ನೆನಪು.

ಬಾವಿಯಲ್ಲಿ ಚಂದ್ರನಿರಲಿಲ್ಲ, ಅವನು ಅಷ್ಟು ಮೇಲೆ ಬಂದಿರಲಿಲ್ಲ. ಒಳಗೆ ಉಳಿದ ಹಗಲಿನ ಒಂದು ಬೂದುಬಣ್ಣದ ತುಂಡು ಮಾತ್ರ ಇತ್ತು. ಬಟ್ಟೆಯನ್ನು ತಂಬಿಗೆಯಲ್ಲಿಯೇ ಅಲುಗಿಸಿ ಹಿಂಡದೆ ತೆಗೆದೆ. ದಾರವನ್ನು ಗೇಣುಗೇಣಾಗಿ ಬಿಟ್ಟೆ. ತಂಬಿಗೆ ನೀರು ಮುಟ್ಟಿದಾಗ ದಾರ ಕೈಯಲ್ಲಿ ಹಗುರಾಯಿತು. ಬುಡದ ದಾರವನ್ನು ಎಳೆದೆ. ಆ ಬೂದುಬಣ್ಣ ಒಮ್ಮೆ ನಡುಗಿ ಮತ್ತೆ ಸಮವಾಯಿತು. ಆಮೇಲೆ ಹೊಳೆಯ ಕಡೆಗೆ ತಿರುಗಿ, ಗಂಟಲಲ್ಲಿ ಉಳಿದಿದ್ದಷ್ಟು ಉಸಿರಿನಿಂದ ‘ಕೂ’ ಎಂದೆ.

ಬ್ಯಾರಿಯವರ ‘ಕೂ’ ಒಡನೆಯೇ ಬಂತು. ಅವರ ನಮಾಜು ಎಂದೋ ಮುಗಿದಿತ್ತು. ಆಗ ನನಗೆ ಹೊಳೆಯಿತು, ಅವರಿಗಾಗಿ ಆ ಹತ್ತು ನಿಮಿಷ ಕಾದಿದ್ದರೆ ತಂಬಿಗೆ ಇದಕ್ಕಿಂತ ಮೊದಲೇ ಬಾವಿ ಸೇರುತ್ತಿತ್ತು.

ಹಿಂದಕ್ಕೆ ಬರುವಾಗ ದೋಣಿ ನನ್ನ ಮಾತು ಕೇಳಿತು. ಬ್ಯಾರಿಯವರು ಮೊಣಕಾಲ ನೀರಿನಲ್ಲಿ ಬಂದು ನಿಂತು ಮೂತಿಯನ್ನು ಹಿಡಿದರು.

“ಎಷ್ಟು ಜನರನ್ನು ದಾಟಿಸಿದಿರಿ ಇಂದ್ರರೇ?”

“ಲೆಕ್ಕ ಇಲ್ಲ ಬ್ಯಾರಿಗಳೇ.”

“ಹಾಗಾದರೆ ನೀವು ನನಗಿಂತ ದೊಡ್ಡ ಜನ. ನಾನು ಇದರಲ್ಲಿ ಹದಿನೈದರ ಮೇಲೆ ಹತ್ತಿಸಿದವನಲ್ಲ” ಎಂದು, ನನ್ನ ಒದ್ದೆ ಪಂಚೆಯನ್ನು ನೋಡಿಯೂ ನೋಡದವರಂತೆ, ನಡುವಿನಲ್ಲಿ ಏನಾಯಿತೆಂದು ತನಗೆ ಗೊತ್ತಿಲ್ಲ, ತಾನು ಪ್ರಾರ್ಥನೆಯಲ್ಲಿದ್ದೆ ಎಂದು ಸೇರಿಸಿದರು.

ದೊಡ್ಡಮ್ಮ ತನ್ನ ಸೆರಗಿನಿಂದ ನನ್ನ ತಲೆಯನ್ನು ಒರಸಿದರು. ಮಣಿ ಎಲ್ಲಿಗೆ ಬಂದಿತ್ತು ಎಂದು ಕೇಳಿದೆ. ಮೊದಲು ಮನೆಗೆ ಹೋಗುವ, ನಿನಗೆ ಶೀತ ಆದೀತು ಎಂದರು. ದಾರಿಯಲ್ಲಿ ಇನ್ನೊಮ್ಮೆ ಕೇಳಿದೆ. ಕಲ್ಲು ಉಂಟು, ನೋಡಿ ನಡೆ ಎಂದರು.

ಮರುದಿನ ಬೆಳಗ್ಗೆ ಅವರ ಊರಿನ ಸಣ್ಣ ಬಸದಿಯಲ್ಲಿ ಅಭಿಷೇಕವಾಯಿತು. ಗಂಧೋದಕವನ್ನು ಹಣೆಗೂ ನೆತ್ತಿಗೂ ಹಚ್ಚಿಕೊಂಡು ಬಂದು ಅಡಿಗೆಮನೆಯಲ್ಲಿ ಎದುರುಬದುರಾಗಿ ಕುಳಿತೆವು. ಎರಡು ಬಟ್ಟಲು ಗಂಜಿ, ನಡುವೆ ಉಪ್ಪಿನ ಮರಿಗೆ. ಅವರ ಕೈ ಬಟ್ಟಲಿಗೆ ಹೋಗಲಿಲ್ಲ. ನನ್ನದೂ ಹೋಗಲಿಲ್ಲ. ಕಿಟಕಿಯಿಂದ ಬಂದ ಬಿಸಿಲಿನಲ್ಲಿ ಅವರ ಕೆನ್ನೆಯ ಎಲುಬುಗಳು ಕಾಣುತ್ತಿದ್ದವು.

“ದೊಡ್ಡಮ್ಮ, ಈಗಲಾದರೂ ಹೇಳಿ. ಮೂರನೆಯ ಸರ ಮುಗಿದಿತ್ತಾ?”

ಅವರು ಬಟ್ಟಲನ್ನು ಸ್ವಲ್ಪ ಬದಿಗೆ ಸರಿಸಿದರು.

“ಅರ್ಧ ಸರದವರೆಗೆ ಗೊತ್ತುಂಟು. ಆಗ ನೀನು ನೀರಿಗೆ ಬಿದ್ದದ್ದು ಕಂಡಿತು. ಮತ್ತೆ ಮಣಿ ಎಲ್ಲಿ, ಕೈ ಎಲ್ಲಿ, ನನಗೆ ಗೊತ್ತಿಲ್ಲ ಮಗಾ. ಸರ ಮರಳಲ್ಲಿ ಬಿದ್ದಿತ್ತು. ಬ್ಯಾರಿಗಳು ಹೆಕ್ಕಿ ಕೊಟ್ಟರು.”

ಪುಸ್ತಕದಲ್ಲಿ ಇದಕ್ಕೆ ಏನು ವಿಧಿಯೆಂದು ನಾನು ಮನಸ್ಸಿನಲ್ಲಿಯೇ ಹುಡುಕಿದೆ. ಓದಿದುದೆಲ್ಲ ಕರೆದಾಗ ಬಾರದೆ ಎಲ್ಲೋ ಆಚೆ ದಡದಲ್ಲಿ ನಿಂತಿತ್ತು. ಅವರೇ ನಿರ್ಣಯಿಸಿದರು. ಉಪ್ಪಿನ ಮರಿಗೆಯನ್ನು ಎತ್ತಿ ತನ್ನ ಬೆನ್ನ ಹಿಂದೆ ಇಟ್ಟರು.

“ನಿನ್ನದು ಮರೆವು. ನನ್ನದು ಲೆಕ್ಕ ತಪ್ಪಿದ್ದು. ಇವತ್ತು ಇಬ್ಬರಿಗೂ ಉಪ್ಪಿಲ್ಲ. ಉಣ್ಣು.”

ಹಾಗೆ ಹೇಳಿ ಮೊದಲ ತುತ್ತನ್ನು ಅವರೇ ಎತ್ತಿದರು. ಅವರು ನುಂಗುವ ತನಕ ನೋಡಿ ನಾನೂ ಎತ್ತಿದೆ. ಎರಡು ದಿನ ನಿರಾಹಾರ ಇದ್ದವರು ಅವರು. ಬಟ್ಟಲು ಮೊದಲು ಬರಿದು ಮಾಡಿದವನು ನಾನು. ಅದಕ್ಕೆ ಅವರು ನಕ್ಕರು.

ಆಮೇಲೆ ದೊಡ್ಡಮ್ಮ ಇನ್ನೂ ಹನ್ನೊಂದು ಕಾರ್ತಿಕಗಳನ್ನು ಕಂಡರು. ನಾನು ಪ್ರತಿವರ್ಷವೂ ಅವರನ್ನು ಕಡವು ದಾಟಿಸಿದೆ. ಮೊಯ್ದೀನ್ ಬ್ಯಾರಿಯವರು ಗಳವನ್ನು ನನ್ನ ಕೈಗೆ ಕೊಟ್ಟು ತಾವು ಪ್ರಯಾಣಿಕರ ಹಾಗೆ ನಡುವಿನಲ್ಲಿ ಕೂರುತ್ತಿದ್ದರು, ದಿಬ್ಬ ಬಂದಾಗ ಮಾತ್ರ ಒಮ್ಮೆ ಕೆಮ್ಮುತ್ತಿದ್ದರು. ಪುರಾಣ ಹೇಳುವಾಗ ನಾನು ಮತ್ತೆಂದೂ ಆ ವರ್ತಕನ ಮಗನನ್ನು ಎರಡು ಪದ್ಯಕ್ಕಿಂತ ಹೆಚ್ಚು ಹೊತ್ತು ಹಡಗಿನಲ್ಲಿ ನಿಲ್ಲಿಸಲಿಲ್ಲ.

ಮೆಕ್ಯಾನಿಕರು ಪತ್ರಿಕೆಯ ಪೊಟ್ಟಣವನ್ನು ಹಿಡಿದು ಇನ್ನೂ ನಿಂತಿದ್ದರು. ಇದಕ್ಕೆ ಮೊದಲಿನ ಕ್ಯಾಂಡಲುಗಳನ್ನು ಎಲ್ಲಿ ಹಾಕಿದಿರಿ ಎಂದು ಕೇಳಿದೆ. ರಸ್ತೆಬದಿಯ ತೊಟ್ಟಿಗೆ, ಆರೇಳು ಆಗಿರಬಹುದು, ಈಗ ಆ ತೊಟ್ಟಿಯನ್ನು ತೆಗೆದಿದ್ದಾರೆ ಎಂದರು. ಇಷ್ಟು ವರ್ಷ ಆ ಯಂತ್ರದ ಕೆಳಗೆ ಲೋಟ ಹಿಡಿಯುವಾಗ ಒಂದು ದಿನವಾದರೂ ನಾನು ಅದನ್ನು ಯೋಚಿಸಲಿಲ್ಲ. ಅದು ತಾನಾಗಿ ಸೋಸುತ್ತದೆ ಎಂದು ನೆಮ್ಮದಿಯಿಂದಿದ್ದೆ.

ಒಂದು ಬಾಲ್ದಿ ತರಿಸಿ, ಕ್ಯಾಂಡಲನ್ನು ಸೋಸಿದ ನೀರಿನಲ್ಲಿ ತೊಳೆದೆ. ಎರಡು ಘಳಿಗೆಯ ಮಾತು ಎಂದೋ ಮುಗಿದಿತ್ತು. ಅದು ನನಗೂ ಗೊತ್ತು. ತೊಳೆದ ನೀರನ್ನು ತಂಬಿಗೆಗೆ ಹೊಯ್ದು ಹಗ್ಗ ಕಟ್ಟಿದಾಗ ಮೆಕ್ಯಾನಿಕರೇ ಬಂದು ಅದರ ಇನ್ನೊಂದು ತುದಿ ಹಿಡಿದರು. ಹಿತ್ತಲ ಬಾವಿಯಲ್ಲಿ ದೊಡ್ಡಮ್ಮನ ತಂಬಿಗೆ ಗೇಣುಗೇಣಾಗಿ ಇಳಿಯಿತು.

“ಮುಟ್ಟಿತಾ ಅಜ್ಜ?” ಎಂದು ಅವರು ಬಗ್ಗಿ ನೋಡಿ ಕೇಳಿದರು.

ಹಗ್ಗ ಕೈಯಲ್ಲಿ ಹಗುರಾಗಿತ್ತು.

ಆ ಮಧ್ಯಾಹ್ನ ಊಟಕ್ಕೆ ಕುಳಿತಾಗ ನನಗೆ ಗಂಜಿ ಸಾಕು, ಉಪ್ಪು ಬೇಡ ಎಂದೆ. ಡಾಕ್ಟರು ಹೇಳಿದ್ದು ಕಡೆಗೂ ಮಾವನ ತಲೆಗೆ ಹೋಯಿತು ಎಂದು ಸೊಸೆ ಸಂತೋಷಪಟ್ಟಳು. ನಾನು ಉಪ್ಪಿನ ಮರಿಗೆಯನ್ನು ಎತ್ತಿ ಬೆನ್ನ ಹಿಂದೆ ಇಟ್ಟುಕೊಂಡು ಉಂಡೆ.